ಬ್ರೇಕ್ ಮುಟ್ಟದೆ ಕಲ್ಯಾಣದುರ್ಗಕ್ಕೆ

ಕಾರು ಓಡಿಸುವುದರಲ್ಲಿ ಏನೂ ದೊಡ್ಡಸ್ತಿಕೆ ಇಲ್ಲ. ಎಮ್ಮೆ ಮೇಯಿಸಲು ಬಾರದವನೂ ಎರಡು ತಿಂಗಳಲ್ಲಿ ಕಲಿಯುತ್ತಾನೆ. ಓಡುತ್ತಿರುವ ಕಾರಿನ ವೇಗವನ್ನು ಇಳಿಸುವುದರಲ್ಲಿದೆ ವಿದ್ಯೆ. ಈ ಮಾತಿಗೆ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಜಗಳಕ್ಕೆ ನಿಲ್ಲುವುದು ನನಗೆ ಹೊಸದೂ ಅಲ್ಲ. ನನ್ನ ಬಾಯಿ ಜೋರು ಎಂಬುದು ಹಿಂದೂಪುರದಿಂದ ಕಲ್ಯಾಣದುರ್ಗದವರೆಗೂ ಗೊತ್ತಿರುವ ಸಂಗತಿ. ಆದರೆ ಇದೊಂದು ವಿಷಯದಲ್ಲಿ ಮಾತ್ರ ನಾನು ಸುಮ್ಮನೆ ಬಾಯಿ ಮಾಡುತ್ತಿಲ್ಲ, ನನ್ನ ಸೋದರಮಾವ ಗೇರ್ ಇಳಿಸುವುದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಮಾವ, ಅಂದರೆ ನಮ್ಮಮ್ಮನ ತಮ್ಮ, ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರ ಕಾರಿಗೆ ಡ್ರೈವರ್ ಆಗಿದ್ದ. ಅದಕ್ಕೆ ಮೊದಲು, ಮೂವತ್ತು ತುಂಬುವವರೆಗೂ, ನಮ್ಮ ಮನೆತನದವರೆಲ್ಲರ ಹಾಗೆ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವನು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಹಿಂದೂಪುರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ, ಮಂಡಿಯ ಮಹಡಿಯ ಮೇಲೆ ಎರಡು ಕೋಣೆಯ ಮಾವನ ಮನೆಯಲ್ಲೇ ಇದ್ದೆ. ಅಮ್ಮ ಕಲ್ಯಾಣದುರ್ಗದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಳು, ಮಗ್ಗ ನೇಯುತ್ತಿದ್ದಳು.

ಸಾಹುಕಾರರ ಕಾರು ವಯಸ್ಸಾದ ಅಂಬಾಸಿಡರ್. ಗೇರಿನ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು. ಬ್ಯಾಟರಿ ಇಳಿದುಹೋಗದಿರಲಿ ಎಂದು ಭಾನುವಾರ ಒಂದು ಸುತ್ತು ಓಡಿಸಿ ತರಲು ಮಾವನಿಗೆ ಅಪ್ಪಣೆ ಇತ್ತು. 'ನನಗೂ ಕಲಿಸು' ಎಂದು ಗಂಟುಬಿದ್ದೆ. ಹೆಣ್ಣುಮಗಳಿಗೆ ಕಾರು ಯಾಕೆ ಎಂದು ಅತ್ತೆ ಗೊಣಗಿದಳು. ಮಾವ ಮಾತ್ರ ರೈಲ್ವೆ ಗೇಟಿನ ಆಚೆಯ ಬಯಲಿಗೆ ಕರೆದುಕೊಂಡು ಹೋಗಿ ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿದ.

ಅಲ್ಲಿ ನನ್ನ ಮಾನ ಹೋಯಿತು. ನಮ್ಮ ಮಗ್ಗದಲ್ಲಿ ಕಾಲಡಿಗೆ ಎರಡು ಹಲಗೆಗಳಿರುತ್ತವೆ. ಒಂದನ್ನು ತುಳಿದರೆ ಇನ್ನೊಂದು ಮೇಲೇಳಬೇಕು, ಹಾಗೆ ಹಗ್ಗ ಕಟ್ಟಿರುತ್ತಾರೆ. ಬಲಗಾಲು ಕೆಳಗೆ, ಎಡಗಾಲು ಮೇಲೆ. ಎಡಗಾಲು ಕೆಳಗೆ, ಬಲಗಾಲು ಮೇಲೆ. ಹತ್ತು ವರ್ಷದವಳಾಗಿದ್ದಾಗಿನಿಂದ ನನ್ನ ಕಾಲಿಗೆ ಇದೊಂದೇ ಗೊತ್ತು. ಕಾರು ನಿಲ್ಲಿಸುವಾಗ ಎರಡು ಕಾಲನ್ನೂ ಒಟ್ಟಿಗೆ ಒತ್ತಬೇಕು, ಬಲಗಾಲಲ್ಲಿ ಬ್ರೇಕು, ಎಡಗಾಲಲ್ಲಿ ಕ್ಲಚ್ಚು. ನಾನು ಬ್ರೇಕ್ ಒತ್ತಿದೆ ಅನ್ನುವಷ್ಟರಲ್ಲಿ ಎಡಗಾಲು ನನ್ನನ್ನು ಕೇಳದೆ ಕ್ಲಚ್ ಬಿಟ್ಟು ಮೇಲೆದ್ದಿತು. ಕಾರು ಬಿಕ್ಕಿ, ಮುಗ್ಗರಿಸಿ, ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಅದೇ ಕಥೆ. ಮೂರು ಭಾನುವಾರ ಹೀಗೇ ಆಯಿತು. ಟ್ಯಾಕ್ಸಿ ಸ್ಟ್ಯಾಂಡಿನವರು ಬೀಡಿ ಸೇದುತ್ತಾ ನೋಡಲು ಬಂದು ನಿಂತರು.

"ಟೀಚರಮ್ಮ ಸೀರೆ ನೇಯ್ತಾವ್ರೆ ಕಣ್ರಲಾ! ಬಾರ್ಡರ್ ಯಾವ ಕಲರ್ರಮ್ಮ?" ಅಂದ ಒಬ್ಬ.

"ನಿಮ್ಮಪ್ಪನಿಗೆ ಪಂಚೆ ನೇಯ್ತಿದೀನಿ, ಅಳತೆ ಕೊಟ್ಟೋಗು" ಅಂದೆ. ಅಂದೇನೋ ಅಂದೆ, ಆದರೆ ಕಣ್ಣಲ್ಲಿ ನೀರು ಬಂದಿತ್ತು.

ಮಾವ ನಗಲಿಲ್ಲ. "ನೀನು ಮೂರು ವಾರ ಕಣಮ್ಮ. ನಾನು ಮೂರು ತಿಂಗ್ಳು ನೇಯ್ದಿದೀನಿ. ಮಗ್ಗದೋರ ಕಾಲೇ ಹಂಗೆ" ಅಂದ. ಆಮೇಲೆ ಹೇಳಿದ, "ಬ್ರೇಕ್ ತುಳಿಯೋವಾಗ ಮಗ್ಗ ಮರೀಬೇಕು. ಗೇರ್ ಇಳಿಸೋವಾಗ ಮಗ್ಗ ನೆನೀಬೇಕು. ಅಷ್ಟೇಯ ವಿದ್ಯೆ."

ಗೇರ್ ಇಳಿಸುವುದನ್ನು ಅವನು ಹೇಳಿಕೊಟ್ಟದ್ದು ಹೀಗೆ. ಕ್ಲಚ್ ಒತ್ತಿ ಕಡ್ಡಿಯನ್ನು ನ್ಯೂಟ್ರಲ್ಲಿಗೆ ತರಬೇಕು. ಅಲ್ಲಿಂದ ಸೀದಾ ಕೆಳಗಿನ ಗೇರಿಗೆ ನುಗ್ಗಬಾರದು. ಕ್ಲಚ್ ಬಿಡುತ್ತಾ ಎಕ್ಸಲೇಟರನ್ನು ಒಂದು ಚೂರು ತುಳಿದು ಇಂಜಿನ್ನನ್ನು ಎಬ್ಬಿಸಬೇಕು. ಎಡಗಾಲು ಮೇಲೆ, ಬಲಗಾಲು ಕೆಳಗೆ. ಮತ್ತೆ ಕ್ಲಚ್ ಒತ್ತುತ್ತಾ ಎಕ್ಸಲೇಟರ್ ಬಿಟ್ಟು ಕೆಳಗಿನ ಗೇರು ಹಾಕಬೇಕು. ಎಡಗಾಲು ಕೆಳಗೆ, ಬಲಗಾಲು ಮೇಲೆ. ಆಮೇಲೆ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಅಯ್ಯೋ ಶಿವನೇ, ಇದು ಮಗ್ಗವೇ ಅಲ್ಲವೇ! ನನ್ನನ್ನು ಮೂರು ವಾರ ಗೋಳು ಹೊಯ್ದುಕೊಂಡ ಅದೇ ಅಭ್ಯಾಸ ಇಲ್ಲಿ ತಾನಾಗಿ ಒದಗಿ ಬಂತು. ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವರ ಕೈಲೂ ಕರಕರ ಎನ್ನುತ್ತಿದ್ದ ಗೇರು ಮೊದಲ ದಿನವೇ ನನ್ನ ಕೈಯಲ್ಲಿ ಸದ್ದಿಲ್ಲದೆ ಕೂತಿತು.

"ಮೇಲಿನ ಗೇರಲ್ಲಿ ಇಂಜಿನ್ ನಿಧಾನವಾಗಿ ತಿರುಗ್ತಿರ್ತೈತೆ. ಕೆಳಗಿನ ಗೇರಿಗೆ ಜೋರಾಗಿ ತಿರುಗ್ಬೇಕು" ಅಂದ ಮಾವ. "ಹೇಳದೆ ಕೇಳದೆ ಇಳಿಸಿದ್ರೆ ಚಕ್ರ ಅದರ ಕತ್ತು ಹಿಡ್ದು ಎಳೀತೈತೆ, ಒಳಗೆ ಕೂತೋರ ಕತ್ತೂ ಎಳೀತೈತೆ. ಅದ್ಕೇ ಮೊದ್ಲು ಇಂಜಿನ್ನಿಗೆ, ಬತ್ತಾ ಇದೀವಿ ಕಣಪ್ಪ, ಅಂತ ಹೇಳ್ಬೇಕು."

ಅವನ ಇನ್ನೊಂದು ಮಾತು ನನಗೆ ಸರಿಯಾಗಿಯೇ ನಾಟಿತು. ಬ್ರೇಕ್ ಅನ್ನೋದು ಬೈಗುಳ, ಗೇರ್ ಅನ್ನೋದು ಬುದ್ಧಿಮಾತು. ಬುದ್ಧಿಮಾತಿನಲ್ಲಿ ಆಗೋ ಕೆಲಸಕ್ಕೆ ಬೈಯೋದು ಯಾಕೆ ಅನ್ನುತ್ತಿದ್ದ. ಶಾಲೆಯಲ್ಲಿ ನನ್ನದು ಪೂರಾ ಬ್ರೇಕಿನ ಸಂಸಾರ. ಅದು ಅವನಿಗೂ ಗೊತ್ತಿತ್ತು.

ಮರುವರ್ಷ ಅಮ್ಮನ ಕಣ್ಣಿಗೆ ಪೊರೆ ಬಂತು. ಅಮ್ಮನಿಗೆ ಇದ್ದದ್ದೇ ಒಂದು ಕಣ್ಣು. ಎಡಗಣ್ಣು ಅವಳು ಹುಡುಗಿಯಾಗಿದ್ದಾಗ ಹೋಗಿತ್ತು. ಮಗ್ಗದಿಂದ ಸಿಡಿದ ಲಾಳಿಯ ಮೊನೆ ತಗುಲಿದ್ದಂತೆ. ಉಳಿದ ಬಲಗಣ್ಣಿನಲ್ಲೇ ಅವಳು ಮದುವೆಯಾದಳು, ನಮ್ಮನ್ನು ಹೆತ್ತಳು, ನೂರಾರು ಸೀರೆ ನೇಯ್ದಳು. ಈಗ ಅದೂ ಮಂಜಾಗಿ, ಕಡಿದ ಎಳೆಯನ್ನು ಬೆರಳಲ್ಲಿ ತಡವಿ ಹುಡುಕಿ ಗಂಟು ಹಾಕುತ್ತಿದ್ದಳು. ಎದುರಿಗೆ ಬಂದವರನ್ನು ದನಿಯಿಂದ ಗುರುತು ಹಿಡಿಯುತ್ತಿದ್ದಳು. ಹಿಂದೂಪುರದ ಛತ್ರವೊಂದರಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆ ಎಂದು ಗೊತ್ತಾಗಿ ನಾನೇ ಹೋಗಿ ಕರೆದುಕೊಂಡು ಬಂದೆ. ಆಪರೇಷನ್ ಆಯಿತು. ಆಗೆಲ್ಲ ಕಣ್ಣು ಕೊಯ್ದು ಹೊಲಿಗೆ ಹಾಕುತ್ತಿದ್ದರು. ವಾರಗಟ್ಟಲೆ ಕೆಮ್ಮಬಾರದು, ಸೀನಬಾರದು, ಬಗ್ಗಬಾರದು.

ಎಂಟನೆಯ ದಿನ ಛತ್ರ ಖಾಲಿ ಮಾಡಬೇಕಾಗಿ ಬಂತು, ಯಾರದೋ ಮದುವೆಗೆ ಮೊದಲೇ ಗೊತ್ತು ಮಾಡಿದ್ದರಂತೆ. ಮಾವನ ಮನೆಗೆ ಒಯ್ಯೋಣವೆಂದರೆ ಹುಣಸೆಹಣ್ಣಿನ ಕಾಲ. ಕೆಳಗೆ ಮಂಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು, ಇಡೀ ಮಹಡಿ ಹುಳಿ ಧೂಳು. ಮೇಲಕ್ಕೆ ಹತ್ತಲು ಏಣಿಯಂಥ ಮೆಟ್ಟಿಲು. ಧೂಳೂ ಬೇಡ, ಮೆಟ್ಟಿಲೂ ಬೇಡ ಎಂದರು ಡಾಕ್ಟರು. ಹಾಗಾದರೆ ಕಲ್ಯಾಣದುರ್ಗಕ್ಕೇ ಹೋಗಬೇಕು.

"ಬಸ್ಸಲ್ಲೇ ಹೋಯ್ತೀನಿ ಬಿಡಿ" ಅಂದಳು ಅಮ್ಮ.

ಡಾಕ್ಟರು ಕೈಯೆತ್ತಿ ತಡೆದರು. "ತಲ ಕದಲಕೂಡದು, ಅರ್ಥಮೈಂದಾ?" ಅಂದರು. ತಲೆ ಅಲುಗಲೇಬಾರದು. ಬಸ್ಸಿನ ಒಂದು ಜೋರು ಕುಲುಕಿಗೆ ಹೊಲಿಗೆ ಬಿಟ್ಟರೆ ಆಮೇಲೆ ತಾವೂ ಏನೂ ಮಾಡಲಾರೆವು ಎಂದು ಬಿಡಿಸಿ ಹೇಳಿದರು. ಕಟ್ಟು ಬಿಚ್ಚಲು ಇನ್ನು ಹದಿನೈದು ದಿನಕ್ಕೆ ತಾವೇ ಕಲ್ಯಾಣದುರ್ಗದ ಆಸ್ಪತ್ರೆಗೆ ಬರುವುದಾಗಿಯೂ ಹೇಳಿದರು. ಮಾವ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡ. ನೆಟ್ಟಗೆ ಸಾಹುಕಾರರ ಹತ್ತಿರ ಹೋಗಿ ಒಂದು ದಿನದ ಮಟ್ಟಿಗೆ ಕಾರು ಕೇಳಿ ತಂದ.

ಬೆಳಿಗ್ಗೆ ಅವನು ನಾಲ್ಕೂ ಚಕ್ರದಿಂದ ಒಂದಿಷ್ಟು ಗಾಳಿ ಬಿಟ್ಟ, ಗುಂಡಿಗೆ ಬಿದ್ದರೆ ಮೆತ್ತಗಿರಲಿ ಎಂದು. ಅತ್ತೆ ಎರಡು ಪುಟ್ಟ ಚೀಲಕ್ಕೆ ರಾಗಿ ತುಂಬಿ ಹೊಲಿದು ಕೊಟ್ಟಳು. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಆ ಚೀಲಗಳನ್ನು ಕೆನ್ನೆಯ ಎರಡೂ ಕಡೆ ಇಟ್ಟು ಒತ್ತಿ ಹಿಡಿದೆ.

"ನೀನು ರಸ್ತೆ ನೋಡ್ಬ್ಯಾಡ ಕಣಮ್ಮ, ಅಕ್ಕನ ಮುಖ ನೋಡ್ಕೋ. ರಸ್ತೆ ನಾನು ನೋಡ್ಕೋತೀನಿ. ಅಕ್ಕಾ, ನೀನು ಮಾತಾಡ್ಬ್ಯಾಡ."

"ಬಾಯಿಗೂ ಹೊಲಿಗೆ ಹಾಕವ್ರೇನ್ಲಾ?" ಅಂದಳು ಅಮ್ಮ.

ಹಿಂದೂಪುರದಿಂದ ಮಡಕಶಿರಾ, ಅಲ್ಲಿಂದ ಗಡಿ ದಾಟಿ ಪಾವಗಡ, ಮತ್ತೆ ಗಡಿ ದಾಟಿ ಕಲ್ಯಾಣದುರ್ಗ. ರಸ್ತೆಯ ಟಾರು ಅರ್ಧ ಇತ್ತು, ಅರ್ಧ ಇರಲಿಲ್ಲ. ಆ ದಾರಿಯಲ್ಲಿ ಮಾವ ಮಾಡಿದ್ದನ್ನು ನಾನು ಕಣ್ಣಿನಿಂದ ನೋಡಲಿಲ್ಲ, ಕಿವಿಯಿಂದ ಕೇಳಿದೆ. ಎಲ್ಲೋ ದೂರದಲ್ಲಿ ಮೋರಿ ಕಂಡರೆ ಸಾಕು, ಇಂಜಿನ್ನಿನ ದನಿ ಒಂದು ಸಲ ಮೇಲೆದ್ದು ಇಳಿಯುತ್ತಿತ್ತು. ನಾಲ್ಕರಿಂದ ಮೂರಕ್ಕೆ ಬಂದ ಎಂದು ತಿಳಿದುಕೊಳ್ಳುತ್ತಿದ್ದೆ. ಇನ್ನೊಂದು ಸಲ ಎದ್ದು ಇಳಿಯುತ್ತಿತ್ತು, ಎರಡಕ್ಕೆ ಬಂದ. ಅಷ್ಟೊತ್ತಿಗೆ ಕಾರು ಎತ್ತಿನಗಾಡಿಯ ವೇಗಕ್ಕೆ ಬಂದು ಮೋರಿಯನ್ನು ಹತ್ತಿ ಇಳಿಯುತ್ತಿತ್ತು. ಅಮ್ಮನ ಕೆನ್ನೆ ನನ್ನ ಅಂಗೈಗೆ ಒಂದು ಸಲವೂ ಒತ್ತಲಿಲ್ಲ. ಏರು ಬಂದರೆ, ಇಂಜಿನ್ ಏದುಸಿರು ಬಿಡುವವರೆಗೆ ಕಾಯುತ್ತಿರಲಿಲ್ಲ. ಬುಡದಲ್ಲೇ ಗೇರ್ ಇಳಿಸಿ ಒಂದೇ ಸಮ ಹತ್ತಿಸುತ್ತಿದ್ದ. ಇಳಿಜಾರಿನಲ್ಲಿ ಆ ಕಾಲದ ಡ್ರೈವರುಗಳೆಲ್ಲ ಪೆಟ್ರೋಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಜಾರಿಬಿಡುತ್ತಿದ್ದರು, ಕೆಲವರು ಇಂಜಿನ್ನನ್ನೂ ಆಫ್ ಮಾಡುತ್ತಿದ್ದರು. ಹಾಗೆ ಜಾರಿಸುವುದರಲ್ಲಿ ಮಾವನೂ ನಿಸ್ಸೀಮ, ಅದಕ್ಕೇ ಸಾಹುಕಾರರಿಗೆ ಅಚ್ಚುಮೆಚ್ಚು. ಅವತ್ತು ಒಂದು ಇಳಿಜಾರಿನಲ್ಲೂ ಜಾರಿಸಲಿಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂದು ಇಂಜಿನ್ನಿನಿಂದಲೇ ತಡೆದು ತಡೆದು ಇಳಿಸಿದ.

ಮಡಕಶಿರಾ ದಾಟಿದ ಮೇಲೆ ಮುಂದೊಂದು ಲಾರಿ ಸಿಕ್ಕಿ ಧೂಳೆಬ್ಬಿಸತೊಡಗಿತು. ಅಮ್ಮನ ಗಂಟಲಲ್ಲಿ ಕೆಮ್ಮು ಕದಲಿದ್ದು ನನ್ನ ಬೆರಳಿಗೇ ಗೊತ್ತಾಯಿತು. "ಮಾವಾ, ಧೂಳು!" ಎಂದು ಕಿರುಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಗೇರ್ ಇಳಿಸಿ ಹಿಂದೆ ಉಳಿದಿದ್ದ. ಧೂಳು ಪೂರ್ತಿ ಅಡಗುವವರೆಗೆ ಎರಡನೇ ಗೇರಿನಲ್ಲೇ ತೆವಳಿದ. ನಾನಾಗಿದ್ದರೆ ಹಾರ್ನ್ ಬಡಿದು, ಓವರ್‌ಟೇಕ್ ಮಾಡಿ, ಲಾರಿಯವನಿಗೆ ನಾಲ್ಕು ಬೈದು, ಅಷ್ಟರಲ್ಲಿ ಅಮ್ಮನ ಕಣ್ಣು ಕಳೆದಿರುತ್ತಿದ್ದೆ.

ಪಾವಗಡದ ಈಚೆ ಒಂದು ಇಳಿಜಾರಿನ ತಿರುವಿನಲ್ಲಿ ಇದ್ದಕ್ಕಿದ್ದಂತೆ ಕುರಿ ಮಂದೆ ಬಂತು. ಆಗ ಮಾತ್ರ ನಾನು ತಲೆಯೆತ್ತಿ ನೋಡಿಬಿಟ್ಟೆ. ರಸ್ತೆಯ ತುಂಬ ಕುರಿ, ನಾವು ಮೂರನೇ ಗೇರಿನಲ್ಲಿ ಇಳಿಯುತ್ತಿದ್ದೆವು. ಯಾರೇ ಆಗಲಿ ಬ್ರೇಕಿನ ಮೇಲೆ ನಿಂತುಬಿಡುತ್ತಿದ್ದರು. ಮಾವ ಬ್ರೇಕಿಗೆ ಹೋಗಲಿಲ್ಲ. ಎರಡಕ್ಕೆ ಇಳಿಸಿದ. ಸಾಲಲಿಲ್ಲ. ಒಂದಕ್ಕೆ ಇಳಿಸಬೇಕು. ಆ ಕಾರಿನ ಒಂದನೇ ಗೇರು ಓಡುತ್ತಿರುವಾಗ ಬೀಳುವುದೇ ಇಲ್ಲ, ಹಲ್ಲು ಕಡಿದು ತಿರುಗಿಬೀಳುತ್ತದೆ. ನಾನು ಎಷ್ಟೋ ಸಲ ಯತ್ನಿಸಿ ಕೈಬಿಟ್ಟಿದ್ದೆ. ಮಾವನ ಮೊಣಕಾಲುಗಳು ಎದ್ದು ಇಳಿದದ್ದು ಹಿಂದಿನಿಂದ ಕಂಡಿತು, ಮೊದಲು ಎಡ, ಆಮೇಲೆ ಬಲ, ಮತ್ತೆ ಎಡ. ಇಂಜಿನ್ ಒಮ್ಮೆ ಉಸಿರೆಳೆಯಿತು. ಕಡ್ಡಿ ಕೂತ ಸದ್ದು ಕೂಡ ನನಗೆ ಕೇಳಿಸಲಿಲ್ಲ. ಕಾರು ಮನುಷ್ಯರ ನಡಿಗೆಗೆ ಇಳಿದು ಕುರಿಗಳ ನಡುವೆ ಹೊಕ್ಕಿತು, ಎರಡೂ ಬಾಗಿಲಿಗೆ ಉಣ್ಣೆ ಸವರುತ್ತಾ ಹೋಯಿತು. ಭಲೇ ಮಾವ, ನಿನ್ನ ಕಾಲಿಗೆ ಬಂಗಾರದ ಕಡಗ ತೊಡಿಸಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕುರಿಯವನು ಕಿಟಕಿಗೆ ಬಗ್ಗಿ, "ಏಂ ಸಾಮೀ, ಹಾರನ್ ಪನಿಚೇಯದಾ?" ಎಂದು ಕೇಳಿದ. ಹಾರ್ನ್ ಕೆಟ್ಟಿದೆಯಾ ಎಂದು. ಮಾವ ಹಿಂದಕ್ಕೆ ಕೈ ತೋರಿಸಿ, ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿದೆ, ಬೆಚ್ಚಿಬೀಳಬಾರದು ಎಂದು ತೆಲುಗಿನಲ್ಲೇ ಹೇಳಿದ. ಕುರಿಯವನು ಅಮ್ಮನ ಕಟ್ಟು ನೋಡಿ ತನ್ನ ನಾಯಿಯ ಬಾಯಿಯನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡು ನಿಂತ.

"ಯಾರ್ಲಾ ಅದು ಕಿಟಕೀಲಿ?" ಅಂದಳು ಅಮ್ಮ.

"ಕುರಿಯೋನು ಕಣಕ್ಕ. ಕುರಿ ಅಡ್ಡ ಬಂದ್ವು, ನಿಧಾನ ಮಾಡ್ದೆ."

"ನಂಗೆ ಗೊತ್ತಾಗ್ಲೇ ಇಲ್ವಲ್ಲೋ."

ಅದಕ್ಕಿಂತ ದೊಡ್ಡ ಬಿರುದು ಯಾವ ಡ್ರೈವರಿಗೂ ಸಿಕ್ಕಿರಲಾರದು. ಪಾವಗಡದಲ್ಲಿ ನೀರಿಗೆಂದು ನಿಲ್ಲಿಸುವಾಗಲೂ ಅವನು ಒಂದು ಏರು ಹುಡುಕಿ, ಕಾರು ತಾನಾಗಿ ನಿಲ್ಲುವಂತೆ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದ. ಕಾಲಿನ ಬ್ರೇಕನ್ನು ಹಿಂದೂಪುರ ಬಿಟ್ಟ ಮೇಲೆ ಅವನು ಮುಟ್ಟಿಯೇ ಇರಲಿಲ್ಲ.

ಕಲ್ಯಾಣದುರ್ಗ ಸೇರಿದಾಗ ಮಧ್ಯಾಹ್ನ. ನಮ್ಮ ಬೀದಿ ಪೂರಾ ನೇಕಾರರ ಬೀದಿ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು, ಲಟಕ್ ಪಟಕ್, ಲಟಕ್ ಪಟಕ್. ಮಾವ ಆ ಬೀದಿಗೆ ಬಂದು ವರ್ಷಗಳಾಗಿದ್ದವು. ಒಂದನೇ ಗೇರಿನಲ್ಲಿ ತೆವಳಿಸಿಕೊಂಡು ಬಂದು ನಮ್ಮ ಬಾಗಿಲ ಮುಂದೆ ಅವತ್ತಿನ ಮಟ್ಟಿಗೆ ಮೊದಲ ಸಲ ಬ್ರೇಕ್ ತುಳಿದ. ಅವನ ಎಡಗಾಲು ಕ್ಲಚ್ ಬಿಟ್ಟು ಮೇಲೆದ್ದಿತು.

ಕಾರು ಬಿಕ್ಕಿತು, ಮುಗ್ಗರಿಸಿ ಆಫ್ ಆಯಿತು. ಅಮ್ಮನ ತಲೆ ನನ್ನ ಕೈಯೊಳಗೆ ಹೊಯ್ದಾಡಿತು, ಒಂದು ರಾಗಿ ಚೀಲ ಕೆಳಗೆ ಬಿತ್ತು. ಅಮ್ಮ 'ಹಾ' ಎಂದಳು.

ಹನ್ನೆರಡು ವರ್ಷ ಸ್ಟಿಯರಿಂಗ್ ಹಿಡಿದವನು, ಅಷ್ಟು ದೂರ ಹೂವಿನ ಹಾಗೆ ತಂದವನು, ಮನೆಬಾಗಿಲಲ್ಲಿ ಮಗ್ಗದ ಸದ್ದು ಕಿವಿಗೆ ಬಿದ್ದದ್ದೇ ತಡ ನೇಯ್ದುಬಿಟ್ಟಿದ್ದ. ಇದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆದರೂ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ಬಾಗ್ಲಿಗೆ ತಂದು ಕಣ್ಣು ಕಳೆದ್ಬುಟ್ಯಲ್ಲೋ ಮಾವಾ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ. ಅವನು ತಿರುಗಿ ನೋಡಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಅಣ್ಣ ಬಂದು ಅಮ್ಮನನ್ನು ಒಳಗೆ ಎತ್ತಿಕೊಂಡು ಹೋದ. ಮಾವ ಊಟವನ್ನೂ ಮಾಡದೆ ವಾಪಸು ಹೊರಟ.

ಆ ರಾಜಠೀವಿಯ ಪ್ರಯಾಣದ ಕೊನೆಗೆ ನಾನು ಬೈಗುಳವನ್ನೇ ಕೊಟ್ಟೆನಲ್ಲ ಎಂಬ ಸಂಕಟ ನನಗೆ ಅವತ್ತೇ ಶುರುವಾಯಿತು. ಶಾಲೆಗೆ ರಜೆ ಹಾಕಿ ಅಮ್ಮನ ಹತ್ತಿರ ಉಳಿದೆ. ಕಣ್ಣಿನ ಕಟ್ಟು ಬಿಚ್ಚುವವರೆಗೆ ಏನಾಗಿದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಎರಡು ದಿನಕ್ಕೊಮ್ಮೆ ಹಿಂದೂಪುರದ ಬಸ್ಸಿನ ಕಂಡಕ್ಟರ್ ಬೀದಿಯ ತುದಿಗೆ ಬಂದು, "ನಿಮ್ಮ ಮಾವ ಕೇಳ್ತಾವ್ರೆ, ಅಕ್ಕನ ಕಣ್ಣು ಹೆಂಗೈತೆ ಅಂತ" ಎಂದು ಕೂಗಿ ಹೇಳುತ್ತಿದ್ದ. "ಇನ್ನೂ ಕಟ್ಟು ಬಿಚ್ಚಿಲ್ಲ ಅಂತ ಹೇಳಿ" ಎಂದು ಕಳಿಸುತ್ತಿದ್ದೆ. ಅದರ ಜೊತೆಗೆ ಇನ್ನೊಂದು ಮಾತು ಹೇಳಿ ಕಳಿಸಬೇಕು ಅನ್ನಿಸುತ್ತಿತ್ತು. ತಪ್ಪಾಯ್ತು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದವರಲ್ಲ, ಕಂಡಕ್ಟರನ ಕೈಯಲ್ಲಂತೂ ಯಾರೂ ಕಳಿಸಿದವರಲ್ಲ.

ಹದಿನೈದನೇ ದಿನ ಮಾವ ಬೆಳಗಿನ ಬಸ್ಸಿಗೇ ಬಂದಿಳಿದ. ಗಡ್ಡ ಬೋಳಿಸಿರಲಿಲ್ಲ. ನಾನು ಆಸ್ಪತ್ರೆಯ ಬಾಗಿಲಲ್ಲಿ ಎದುರಾಗಿ, "ಕಾಫಿ ಕುಡಿದ್ಯಾ ಮಾವಾ?" ಅಂದೆ. ಅಷ್ಟೇ ನನ್ನ ಕೈಲಾದದ್ದು. "ಆಮೇಲೆ ಕುಡೀತೀನಿ ಕಣಮ್ಮ" ಎಂದು ಅವನು ಒಳಗೆ ಹೋಗಿ ಕಿಟಕಿಯ ಪಕ್ಕ ದೂರ ನಿಂತುಕೊಂಡ.

ಡಾಕ್ಟರು ಕಟ್ಟು ಬಿಚ್ಚಿದರು, ಹತ್ತಿಯಲ್ಲಿ ರೆಪ್ಪೆ ಒರೆಸಿದರು. ಒಂದು ದಪ್ಪ ಗಾಜನ್ನು ಕಣ್ಣಿನ ಮುಂದೆ ಹಿಡಿದು, ಇನ್ನೊಂದು ಕೈಯ ಬೆರಳು ಎತ್ತಿ ತೋರಿಸಿ, "ಎನ್ನಿ ವೇಳ್ಳು, ಚೆಪ್ಪಮ್ಮಾ" ಅಂದರು. ಎಷ್ಟು ಬೆರಳು ಹೇಳು.

ಅಮ್ಮ ಹೇಳಲಿಲ್ಲ. ಡಾಕ್ಟರು ಮತ್ತೆ ಕೇಳಿದರು. ಎಡಗಣ್ಣು ಸತ್ತದ್ದು, ಬಲಗಣ್ಣು ಎಲ್ಲೋ ನೆಟ್ಟದ್ದು. ಮಾವ ಕಿಟಕಿಯ ಸರಳನ್ನು ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟ.

"ತಿರುಗ್ಲಾ ಇತ್ತ" ಅಂದಳು ಅಮ್ಮ. ಅವಳು ನೋಡುತ್ತಿದ್ದದ್ದು ಬೆರಳನ್ನಲ್ಲ, ಬೆರಳಿನ ಆಚೆ. "ಅಯ್ಯೋ ನಮ್ಮಪ್ಪಾ, ಯಾವಾಗ್ಲಾ ನಿನ್ ತಲೆ ಇಷ್ಟು ಬೆಳ್ಳಗಾಗ್ಬುಡ್ತು?"

ಡಾಕ್ಟರು ಬೆರಳು ಇಳಿಸಿದರು. ಅಮ್ಮನ ಕಣ್ಣಲ್ಲಿ ನೀರು ತುಂಬುತ್ತಿತ್ತು. "ಏಡವಕೂಡದಮ್ಮಾ!" ಅಳಬಾರದು ಎಂದು ಗದರಿಸುತ್ತಾ ಅವರು ಹತ್ತಿಗೆ ಕೈ ಚಾಚಿದರು.

ಮಾವ ಬಂದು ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಮುಖವನ್ನು ಆ ದಪ್ಪ ಗಾಜಿನ ನೇರಕ್ಕೆ ತಂದ. ಅವನೂ ಅಳುತ್ತಿದ್ದ, ಅವನಿಗೆ ಬೇಡ ಎಂದು ಯಾರೂ ಹೇಳಿರಲಿಲ್ಲ.

"ಹದಿನೈದು ದಿನದ ಹಿಂದೆ ಕರ್ರಗೇ ಇತ್ತು ಕಣಕ್ಕ" ಅಂದ.